ಪ್ರಳಯದ ಸಿನಿಮಾ ಸುಳ್ಳು ಅಂತ ಗೊತ್ತಿದ್ದೂ ಯಾಕೆ ನೋಡುತ್ತೇವೆ?

ಪ್ರಶ್ನೆ: ಸರ್, ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಟಿವಿ ಮುಂದೆ ಕೂತುಬಿಡುತ್ತಾರೆ. ಭೂಮಿ ಬಿರಿಯುವುದು, ಸಮುದ್ರ ಉಕ್ಕುವುದು, ಆಕಾಶದಿಂದ ಬಂಡೆ ಬೀಳುವುದು, ಇಂಥ ಇಂಗ್ಲಿಷ್ ಸಿನಿಮಾಗಳೇ ಆಗಬೇಕು. ‘2012’ ಅನ್ನುವುದನ್ನಂತೂ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಎಲ್ಲಾ ಸುಳ್ಳು ಅಂತ ಬೈಯುತ್ತಲೇ ನಾನೂ ಅಡುಗೆಮನೆ ಬಾಗಿಲಲ್ಲಿ ನಿಂತು ಕೊನೆವರೆಗೂ ನೋಡುತ್ತೇನೆ. ಸುಳ್ಳು ಅಂತ ಗೊತ್ತಿದ್ದರೂ ಯಾಕೆ ಹಿಡಿಸುತ್ತವೆ? ಇವುಗಳಲ್ಲಿ ಎಷ್ಟು ನಿಜ? ನಮ್ಮ ಕಡೆ ಹೀಗೆಲ್ಲ ಆಗುವುದುಂಟಾ? ಮಗ ಈಗ ಪಿಯುಸಿ. ಇಂಥದ್ದನ್ನೇ ನೋಡುತ್ತಿದ್ದರೆ ತಲೆಗೆ ತಪ್ಪು ವಿಷಯ ಹೋಗಲ್ವಾ?
ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಬಾಗಿಲಲ್ಲಿ ನಿಂತು ನೋಡುವವರು ನೀವೊಬ್ಬರೇ ಅಲ್ಲ ಮೇಡಂ. ನಾನು ಚಿತ್ರದುರ್ಗದಲ್ಲಿ ಕಾಲೇಜು ಮಕ್ಕಳಿಗೆ ಭೂವಿಜ್ಞಾನ ಪಾಠ ಮಾಡಿದವನು. ಕಲ್ಲು, ಮಣ್ಣು, ಭೂಕಂಪ ಇವೇ ನನ್ನ ಹೊಟ್ಟೆಪಾಡು. ಇಂಥ ಸಿನಿಮಾ ಶುರುವಾದ ಹತ್ತೇ ನಿಮಿಷಕ್ಕೆ ತಪ್ಪುಗಳು ಕಣ್ಣಿಗೆ ಹೊಡೆಯುತ್ತವೆ. ಆದರೂ ಹೊಸದೊಂದು ಬಂತೆಂದರೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ಕೂರುತ್ತೇನೆ.

ಮಗನ ತಲೆಗೆ ತಪ್ಪು ವಿಷಯ ಹೋಗಲ್ವಾ ಅಂದಿರಿ. ಹೋಗುತ್ತದೆ. ಆದರೆ ನಿಮಗೆ ಹೆದರಿಕೆ ಇರುವುದು ವಿಜ್ಞಾನದ ತಪ್ಪಿನ ಬಗ್ಗೆ. ನನಗೆ ಅದರ ಬಗ್ಗೆ ಅಷ್ಟು ಚಿಂತೆ ಇಲ್ಲ. ಭೂಮಿ ಹಾಗೆ ಬಾಯಿ ಬಿಡುವುದಿಲ್ಲ ಅನ್ನುವುದು ಪಿಯುಸಿ ಹುಡುಗನಿಗೆ ಅರ್ಧ ಗೊತ್ತೇ ಇರುತ್ತದೆ, ಉಳಿದ ಅರ್ಧ ಪುಸ್ತಕದಲ್ಲಿ ಸಿಗುತ್ತದೆ. ಈ ಸಿನಿಮಾಗಳು ಸದ್ದಿಲ್ಲದೆ ಹೇಳುವ ದೊಡ್ಡ ಸುಳ್ಳು ಬೇರೆಯೇ ಇದೆ. ಅದು ಕಷ್ಟ ಬಂದಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರ ಬಗ್ಗೆ. ಅಲ್ಲಿಗೆ ಬರುವ ಮುಂಚೆ ನಿಮ್ಮ ಮೊದಲ ಪ್ರಶ್ನೆ ನೋಡೋಣ.

ದೊಡ್ಡದು ಬೀಳುವುದನ್ನು ನೋಡುವುದು ಮನುಷ್ಯನಿಗೆ ಇಷ್ಟ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಪಿ.ಬಿ. ರಸ್ತೆಯಲ್ಲಿ ಜೆಸಿಬಿ ಒಂದು ಹಳೇ ಕಟ್ಟಡ ಕೆಡವುತ್ತಿದ್ದರೆ ಕೆಲಸಕ್ಕೆ ಹೊರಟವರೂ ಗಾಡಿ ನಿಲ್ಲಿಸಿ ನೋಡುತ್ತಾರಲ್ಲ, ಅದೇ ಆಸೆ. ಸಿನಿಮಾದಲ್ಲಿ ಆ ಕಟ್ಟಡ ಶ್ವೇತಭವನ ಆಗಿರುತ್ತದೆ, ಅದರ ಮೇಲೆ ಬೀಳುವುದು ಒಂದು ವಿಮಾನವಾಹಕ ಹಡಗು. ‘2012’ರಲ್ಲಿ ನಿಜವಾಗಿಯೂ ಹೀಗೇ ಆಗುತ್ತದೆ. ಯಾರಿಗೂ ಪೆಟ್ಟಾಗಿಲ್ಲ ಅಂತ ಗೊತ್ತಿರುವುದರಿಂದ ನೋಡಿದ್ದಕ್ಕೆ ಪಾಪವೂ ಅಂಟುವುದಿಲ್ಲ.

ಇನ್ನೊಂದು ಕಾರಣವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಈ ಸಿನಿಮಾಗಳು ಒಂಥರಾ ವಿಶ್ರಾಂತಿ ಕೊಡುತ್ತವೆ. ಸಾಲದ ಕಂತು, ಮಗನ ಸೀಟು, ಅಡಿಕೆ ರೇಟು, ಅತ್ತೆಯ ಮಂಡಿನೋವು, ಎಲ್ಲ ಚಿಂತೆಯೂ ಎರಡು ಗಂಟೆ ಕಾಲ ಒಂದೇ ಚಿಂತೆಯಾಗಿಬಿಡುತ್ತದೆ. ಆ ವಿಮಾನ ಹತ್ತಬೇಕು, ಅಷ್ಟೇ. ಹತ್ತಿದರೆ ಬದುಕು, ಇಲ್ಲದಿದ್ದರೆ ಇಲ್ಲ. ನಮ್ಮ ದಿನದ ಸಮಸ್ಯೆ ಯಾವುದಾದರೂ ಇಷ್ಟು ಸ್ಪಷ್ಟವಾಗಿ ಇರುತ್ತದಾ? ಜೊತೆಗೆ ಸಿನಿಮಾದ ಪ್ರವಾಹಕ್ಕೆ ಬಂಗಲೆಯೂ ಒಂದೇ, ಗುಡಿಸಲೂ ಒಂದೇ. ಬಡವರ ಕಣ್ಣಿಗೆ ಅದರಲ್ಲಿ ಒಂದು ಸಣ್ಣ ನ್ಯಾಯ ಕಾಣುತ್ತದೆ.

ಪ್ರಳಯದ ರುಚಿ ನಮಗೆ ಇಂಗ್ಲಿಷ್ ಸಿನಿಮಾದಿಂದ ಬಂದದ್ದೇನೂ ಅಲ್ಲ. ಮನುವಿನ ದೋಣಿಯನ್ನು ಮೀನು ಎಳೆದುಕೊಂಡು ಹೋದ ಕತೆ ಕೇಳಿ ಬೆಳೆದವರು ನಾವು. ಮೈಲಾರದ ಕಾರ್ಣಿಕ ಏನಾಯ್ತು ಅಂತ ದಾವಣಗೆರೆಯ ಅರ್ಧ ಊರು ಪ್ರತಿವರ್ಷ ವಿಚಾರಿಸುತ್ತದೆ. ಗೊರವಯ್ಯ ಬಿಲ್ಲೇರಿ ಒಂದು ಸಾಲು ನುಡಿದು ಧುಮುಕುತ್ತಾನೆ. ಆ ಸಾಲಿನಲ್ಲಿ ಮಳೆ, ಬೆಳೆ, ಸರ್ಕಾರ ಎಲ್ಲವನ್ನೂ ನಾವು ಹುಡುಕಿಕೊಳ್ಳುತ್ತೇವೆ. 2012ರ ಡಿಸೆಂಬರ್ 21ಕ್ಕೆ ಜಗತ್ತು ಮುಗಿಯುತ್ತದೆ ಅಂತ ಟಿವಿಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯಿತಲ್ಲ, ಅದಕ್ಕೆ ಮಧ್ಯ ಅಮೆರಿಕದ ಹಳೇ ಮಾಯಾ ಜನರ ಪಂಚಾಂಗವಷ್ಟೇ ಸಾಲುತ್ತಿರಲಿಲ್ಲ. ಕೇಳಲು ತಯಾರಿದ್ದ ಕಿವಿಗಳೂ ಬೇಕಿದ್ದವು.

ಕತೆಯ ಅಚ್ಚಂತೂ ನಿಮಗೆ ಬಾಯಿಪಾಠ ಆಗಿರಬೇಕು. ಮೊದಲು ಒಬ್ಬ ವಿಜ್ಞಾನಿ, ಅವನ ಮಾತನ್ನು ಯಾರೂ ಕೇಳುವುದಿಲ್ಲ. ಆಮೇಲೆ ಹೆಂಡತಿಯಿಂದ ದೂರವಾದ ಒಬ್ಬ ಅಪ್ಪ. ಹೆಂಡತಿಗೆ ಒಬ್ಬ ಹೊಸ ಸಂಗಾತಿ. ಇವನು ಕ್ಲೈಮ್ಯಾಕ್ಸ್ ದಾಟುವುದಿಲ್ಲ, ಅದು ಗುರುತ್ವಾಕರ್ಷಣೆಗಿಂತ ಗಟ್ಟಿ ನಿಯಮ. ‘2012’ರಲ್ಲಿ ಹಡಗಿನ ಹಲ್ಲುಗಾಲಿಗಳಿಗೆ ಸಿಕ್ಕಿ ಸಾಯುತ್ತಾನೆ. 2015ರಲ್ಲಿ ಬಂದ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ಸುನಾಮಿಗೆ ಸಿಕ್ಕಿ ಸಾಯುತ್ತಾನೆ. ಕೋಟಿಗಟ್ಟಲೆ ಜನ ಸತ್ತಿರುತ್ತಾರೆ, ಒಂದು ಸಂಸಾರ ಮಾತ್ರ ಸರಿಹೋಗುತ್ತದೆ. ನಾವು ಅದಕ್ಕೇ ಕಣ್ಣು ಒರೆಸಿಕೊಳ್ಳುತ್ತೇವೆ!

ಈಗ ನಿಜ ಎಷ್ಟು ಅನ್ನುವುದು. ನಿಮ್ಮ ಮನೆಯ ‘2012’ನ್ನೇ ತೆಗೆದುಕೊಳ್ಳೋಣ. ರೋಲಾಂಡ್ ಎಮ್ಮೆರಿಕ್ ನಿರ್ದೇಶನದ ಈ ಸಿನಿಮಾ ಬಂದದ್ದು 2009ರಲ್ಲಿ. ಕತೆ ಶುರುವಾಗುವುದು ನಮ್ಮ ದೇಶದಲ್ಲೇ, ಆಳವಾದ ಒಂದು ತಾಮ್ರದ ಗಣಿಯಲ್ಲಿ. ಸೂರ್ಯನಿಂದ ಬರುವ ನ್ಯೂಟ್ರಿನೊ ಕಣಗಳು ಇದ್ದಕ್ಕಿದ್ದಂತೆ ಗುಣ ಬದಲಿಸಿಕೊಂಡು ಭೂಮಿಯ ಒಡಲನ್ನು ಕಾಯಿಸುತ್ತಿವೆ ಅಂತ ಅಲ್ಲಿನ ಭಾರತೀಯ ವಿಜ್ಞಾನಿ ಕಂಡುಹಿಡಿಯುತ್ತಾನೆ.

ನಮ್ಮೂರಿನವರಿಗೆ ಇದು ಬಹಳ ಮಜಾ ಕೊಡುವ ಜಾಗ. ಚಿತ್ರದುರ್ಗದ ಪಕ್ಕದಲ್ಲೇ, ಇಂಗಳದಾಳಿನಲ್ಲಿ, ಒಂದು ಕಾಲಕ್ಕೆ ತಾಮ್ರ ತೆಗೆಯುತ್ತಿದ್ದ ಗಣಿ ಇದೆ. ನ್ಯೂಟ್ರಿನೊ ಹುಡುಕಾಟವೂ ಕರ್ನಾಟಕದ ಗಣಿಯಲ್ಲಿ ನಡೆದದ್ದು ನಿಜವೇ. ಆದರೆ ತಾಮ್ರದ ಗಣಿಯಲ್ಲಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ. ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಉಪಕರಣ ಇಟ್ಟಿದ್ದರು. ಮೇಲಿನ ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಅವರಿಗೆ ಸಿಕ್ಕಿದ್ದು 1965ರಲ್ಲಿ. ಜಗತ್ತಿನಲ್ಲಿ ಅದನ್ನು ಮೊದಲು ಕಂಡವರ ಸಾಲಿನಲ್ಲಿ ಅವರಿದ್ದಾರೆ.

ಅಷ್ಟು ಆಳಕ್ಕೆ ಯಾಕೆ ಇಳಿದರು ಗೊತ್ತಾ? ಬಾಹ್ಯಾಕಾಶದಿಂದ ಬೀಳುವ ಬೇರೆ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ನ್ಯೂಟ್ರಿನೊವನ್ನು ಮಾತ್ರ ತಡೆಯುವುದಿಲ್ಲ. ಅದು ಯಾವುದಕ್ಕೂ ತಾಗದೆ ಹಾದುಹೋಗುತ್ತದೆ. ನೀವು ಈ ಸಾಲು ಓದುವಾಗಲೂ ಸೂರ್ಯನಿಂದ ಬಂದ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೂ ದಾಟಿ ಹೋಗುತ್ತಿವೆ. ಉಗುರು ಬೆಚ್ಚಗಾಯಿತಾ? ಇಲ್ಲ. ಇಡೀ ಭೂಮಿಯನ್ನೇ ಮುಟ್ಟದೆ ಆ ಕಡೆ ಹೊರಗೆ ಬರುವ ಕಣ ಭೂಮಿಯ ಒಡಲನ್ನು ಕುದಿಸುವುದು ಹೇಗೆ? ಸಿನಿಮಾದವರಿಗೂ ಇದು ಗೊತ್ತು. ಅದಕ್ಕೇ ‘ಗುಣ ಬದಲಾಯಿತು’ ಅನ್ನುವ ಒಂದು ಮಾತು ಸೇರಿಸಿ ಕೈ ತೊಳೆದುಕೊಂಡಿದ್ದಾರೆ.

ಅದೇ ಸಿನಿಮಾದಲ್ಲಿ ಸಮುದ್ರ ಹಿಮಾಲಯದವರೆಗೂ ಏರುತ್ತದೆ. ಅಷ್ಟು ನೀರನ್ನು ಎಲ್ಲಿಂದ ತರುವುದು? ಭೂಮಿಯ ಮೇಲಿರುವ ಎಲ್ಲ ಮಂಜುಗಡ್ಡೆ ಕರಗಿದರೂ ಸಮುದ್ರ ಏರುವುದು 70 ಮೀಟರಿನ ಆಸುಪಾಸು. ಅದೇನು ಸಣ್ಣ ವಿಷಯವಲ್ಲ, ಮಂಗಳೂರಿನ ಬಹುಭಾಗ, ಮುಂಬೈ, ಚೆನ್ನೈ ಎಲ್ಲ ಹೋಗುತ್ತವೆ. ಆದರೆ ದಾವಣಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಚಿತ್ರದುರ್ಗ 700 ದಾಟುತ್ತದೆ. ನಿಮ್ಮ ಮನೆ ಬಾಗಿಲಿಗೆ ಅಲೆ ಬರುವುದಿಲ್ಲ. ಬರುವುದೇನಿದ್ದರೂ ಕರಾವಳಿಯಿಂದ ಬರುವ ಜನ.

ಆಕಾಶದಿಂದ ಬೀಳುವ ಬಂಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1998ರ ‘ಆರ್ಮಗೆಡನ್’ನಲ್ಲಿ ಬರುವ ಕ್ಷುದ್ರಗ್ರಹ ಟೆಕ್ಸಸ್ ರಾಜ್ಯದಷ್ಟು ದೊಡ್ಡದು, ಅದು ಕಾಣಿಸುವುದು 18 ದಿನ ಮುಂಚೆ. ಡೈನೋಸಾರ್‌ಗಳನ್ನು ಮುಗಿಸಿದ ಬಂಡೆಯೇ ಸುಮಾರು 10 ಕಿಲೋಮೀಟರ್ ಅಗಲದ್ದು. ಅಷ್ಟು ದೈತ್ಯವಾದದ್ದು ಹೀಗೆ ಕಣ್ತಪ್ಪಿಸಿ ಬರಲು ಸಾಧ್ಯವೇ ಇಲ್ಲ. ಇನ್ನು ನಿಜದಲ್ಲಿ ನಡೆದದ್ದು ಹೀಗೆ. 2022ರ ಸೆಪ್ಟೆಂಬರ್ 26ರಂದು ನಾಸಾದವರು ಒಂದು ನೌಕೆಯನ್ನು ಸುಮಾರು 160 ಮೀಟರಿನ ಡೈಮಾರ್ಫಸ್ ಎಂಬ ಪುಟ್ಟ ಬಂಡೆಗೆ ಬೇಕಂತಲೇ ಗುದ್ದಿಸಿದರು. ಅದು ತನ್ನ ಜೊತೆಗಿನ ದೊಡ್ಡ ಬಂಡೆಯನ್ನು ಸುತ್ತುವ ಸಮಯ ಅರ್ಧ ಗಂಟೆಯಷ್ಟು ಕಡಿಮೆಯಾಯಿತು. ಯಾರೂ ಮೇಲೆ ಹೋಗಲಿಲ್ಲ, ಯಾರೂ ಪ್ರಾಣ ಕೊಡಲಿಲ್ಲ, ಬಾಂಬೂ ಇಟ್ಟಿಲ್ಲ. ಸಿನಿಮಾ ಮಾಡಿದರೆ ಓಡುವುದಿಲ್ಲ ಬಿಡಿ.

ಭೂಕಂಪದ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿಯಾಗುತ್ತದೆ. ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ನೆಲ ಕಂದಕದಂತೆ ಅಗಲವಾಗಿ ಬಾಯಿ ಬಿಡುತ್ತದೆ. ಸ್ಯಾನ್ ಆಂಡ್ರಿಯಾಸ್ ಅನ್ನುವುದು ಕ್ಯಾಲಿಫೋರ್ನಿಯಾದ ನೆಲದಲ್ಲಿ ನಿಜವಾಗಿಯೂ ಇರುವ ಬಿರುಕಿನ ಹೆಸರು. ಅಲ್ಲಿ ಎರಡು ಭೂಫಲಕಗಳು, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳು, ಒಂದರ ಪಕ್ಕ ಒಂದು ಉಜ್ಜಿಕೊಂಡು ಜಾರುತ್ತವೆ. ಆ ಉಜ್ಜುವಿಕೆ ಸಿಕ್ಕಿಹಾಕಿಕೊಂಡು, ಬಿಗಿಯಾಗಿ, ಕೊನೆಗೆ ಬಿಟ್ಟಾಗಲೇ ಭೂಕಂಪ. ಎರಡೂ ಬದಿ ದೂರ ಸರಿದು ಬಾಯಿ ತೆರೆದಿದ್ದರೆ ಉಜ್ಜುವುದೇ ಇಲ್ಲ, ಭೂಕಂಪವೂ ಇಲ್ಲ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಹಾಳು ಮಾಡಿದ ಭೂಕಂಪದಲ್ಲಿ ನೆಲ ಕೆಲವು ಕಡೆ ಸುಮಾರು ಆರು ಮೀಟರ್ ಜಾರಿತ್ತು. ಬೇಲಿಗಳು ತುಂಡಾಗಿ ಪಕ್ಕಕ್ಕೆ ಸರಿದು ನಿಂತಿದ್ದವು. ಕಂದಕ ಆಗಲಿಲ್ಲ.

ಸಿನಿಮಾದಲ್ಲಿ ಭೂಕಂಪದ ಪ್ರಮಾಣ 9.6. ಇದುವರೆಗೆ ಅಳೆದದ್ದರಲ್ಲಿ ದೊಡ್ಡದು 1960ರಲ್ಲಿ ಚಿಲಿಯಲ್ಲಿ ಆದ 9.5. ಪ್ರಮಾಣದಲ್ಲಿ ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಅಷ್ಟು ಶಕ್ತಿ ತುಂಬಿಕೊಳ್ಳುವಷ್ಟು ಉದ್ದವೂ ಆಳವೂ ಆ ಬಿರುಕಿಗಿಲ್ಲ. ಪಕ್ಕಕ್ಕೆ ಜಾರುವ ಬಿರುಕು ಸಮುದ್ರದ ತಳವನ್ನು ಮೇಲೆತ್ತುವುದಿಲ್ಲವಾದ್ದರಿಂದ ಅಂಥ ಸುನಾಮಿಯೂ ಏಳುವುದಿಲ್ಲ. ಒಂದು ವಿಷಯಕ್ಕೆ ಮಾತ್ರ ಆ ಸಿನಿಮಾವನ್ನು ಮೆಚ್ಚುತ್ತೇನೆ. ಅದರಲ್ಲಿರುವ ವಿಜ್ಞಾನಿ ಮೇಜಿನ ಕೆಳಗೆ ನುಗ್ಗಿ ಅಂತ ಕೂಗುತ್ತಾನೆ. ಅದು ಸರಿಯಾದ ಮಾತು. ನೆಲ ಅಲುಗುವಾಗ ಮೆಟ್ಟಿಲ ಕಡೆ ಓಡಬಾರದು. ತಲೆ ಕಾಪಾಡಿಕೊಂಡು ಗಟ್ಟಿ ಮೇಜಿನ ಕೆಳಗೆ ಕೂರಬೇಕು.

ನಮ್ಮ ಕಡೆ ಆಗುತ್ತದಾ ಅಂದಿರಿ. ನಮ್ಮ ಎರಡೂ ಜಿಲ್ಲೆಗಳ ನೆಲ ಬಹಳ ಹಳೆಯದು, ಗಟ್ಟಿ. ಭೂಕಂಪದ ನಕ್ಷೆಯಲ್ಲಿ ಬಹುಕಾಲದಿಂದ ಕಡಿಮೆ ಅಪಾಯದ ಬಣ್ಣದಲ್ಲೇ ಇವೆ. ಆದರೆ ಅಷ್ಟಕ್ಕೇ ನಿಶ್ಚಿಂತೆಯಾಗಿ ಇರುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ನೆಲ ಅಲುಗಿತು. ಅದೂ ನಮ್ಮ ಹಾಗೆ ದಕ್ಷಿಣ ಪ್ರಸ್ಥಭೂಮಿಯ ನೆಲವೇ. ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಪ್ರಮಾಣ 6ರ ಮೇಲೆ ಸ್ವಲ್ಪ. ಸಿನಿಮಾದವರು ಮೂಸಿಯೂ ನೋಡದಷ್ಟು ಚಿಕ್ಕದು. ಸತ್ತವರು ಹತ್ತು ಸಾವಿರದ ಹತ್ತಿರ.

ಯಾಕೆ ಅಷ್ಟು ಜನ? ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲು ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಜನ ಮಲಗಿದ್ದ ಹೊತ್ತು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳೇ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ, ಆದರೆ ನೆಲ ಅಲುಗಿದರೆ ಮೇಲಿನ ಅಷ್ಟೂ ಮಣ್ಣು ಮೈಮೇಲೆ. ಕಿಲ್ಲಾರಿಯಲ್ಲಿ ಯಾರನ್ನೂ ಭೂಮಿ ನುಂಗಲಿಲ್ಲ, ಮನೆ ಬಿದ್ದು ಸತ್ತರು. ಇದನ್ನು ಒಂದು ಸಿನಿಮಾ ಸರಿಯಾಗಿ ಹೇಳಿದ್ದರೆ ಎಷ್ಟು ಮನೆ ಗಟ್ಟಿಯಾಗುತ್ತಿದ್ದವೋ.

‘ಸ್ಯಾನ್ ಆಂಡ್ರಿಯಾಸ್’ನಲ್ಲಿ ಹೂವರ್ ಅಣೆಕಟ್ಟು ಪುಡಿಪುಡಿಯಾಗುತ್ತದೆ. ನಮ್ಮ ಹತ್ತಿರದ ಒಂದು ನಿಜ ಘಟನೆಯ ಪಕ್ಕ ಇಟ್ಟು ನೋಡಿ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ತುಂಡಾದದ್ದು ಒಂದು ಚೈನು. ಅಣೆಕಟ್ಟು ತುಂಬಿತ್ತು. ಆಮೇಲೆ ನಡೆದದ್ದು ಯಾವ ಸಿನಿಮಾದಲ್ಲೂ ಇಲ್ಲ. ಒತ್ತಡ ಇಳಿಸಲು ಉಳಿದ ಗೇಟುಗಳನ್ನು ಎತ್ತಿ ನೀರು ಬಿಟ್ಟರು. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಎಂಜಿನಿಯರುಗಳು, ವೆಲ್ಡರುಗಳು, ಕ್ರೇನಿನವರು ಸೇರಿ ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಒಂದೊಂದಾಗಿ ಇಳಿಸಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಹೀರೋ ಯಾರು ಅಂದರೆ ಬೆರಳು ತೋರಿಸಲು ಆಗುವುದಿಲ್ಲ, ಬಹಳ ಜನ ಇದ್ದರು. ರೈತರು ಆ ವಾರವೆಲ್ಲ ಲೆಕ್ಕ ಹಾಕುತ್ತಿದ್ದದ್ದು ಎರಡನೇ ಬೆಳೆಗೆ ನೀರು ಉಳಿಯುತ್ತದಾ ಅಂತ.

ಇಲ್ಲಿಗೆ ನಾನು ಮೊದಲು ಹೇಳಿದ ದೊಡ್ಡ ಸುಳ್ಳಿನ ವಿಷಯ ಬಂತು.

ಯಾವ ಪ್ರಳಯದ ಸಿನಿಮಾ ಬೇಕಾದರೂ ಹಾಕಿ. ಮೊದಲ ನಡುಕಕ್ಕೇ ಜನ ಹುಚ್ಚರಂತೆ ಓಡುತ್ತಾರೆ, ಒಬ್ಬರನ್ನೊಬ್ಬರು ತುಳಿಯುತ್ತಾರೆ, ಅಂಗಡಿ ದೋಚುತ್ತಾರೆ. ಹೀರೋ ಮತ್ತು ಅವನ ಮನೆಯವರು ಮಾತ್ರ ತಲೆ ನೆಟ್ಟಗಿಟ್ಟುಕೊಂಡಿರುತ್ತಾರೆ. ಇದು ನಿಜವೋ ಸುಳ್ಳೋ ಅಂತ ಕೂತು ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ದುರಂತಗಳ ಅಧ್ಯಯನಕ್ಕೆಂದೇ ಒಂದು ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಎನ್ರಿಕೊ ಕ್ವಾರಂಟೆಲ್ಲಿ ಎಂಬ ಸಮಾಜವಿಜ್ಞಾನಿ ಒಬ್ಬರು. ಆಮೇಲೆ ಕೇಂದ್ರ ಡೆಲವೇರ್‌ಗೆ ಹೋಯಿತು. ಭೂಕಂಪ, ಪ್ರವಾಹ, ಬೆಂಕಿ ಬಿದ್ದ ಜಾಗಗಳಿಗೆಲ್ಲ ಹೋಗಿ ಜನರನ್ನು ಮಾತಾಡಿಸಿ ಅವರು ಕಂಡದ್ದು ಸಿನಿಮಾಕ್ಕೆ ಪೂರ್ತಿ ಉಲ್ಟಾ. ದಿಕ್ಕೆಟ್ಟು ಓಡುವುದು ಅಪರೂಪ. ಲೂಟಿಯೂ ನಾವು ಅಂದುಕೊಂಡಷ್ಟಿಲ್ಲ. ಅವಶೇಷದ ಅಡಿಯಿಂದ ಮೊದಲು ಕೈ ಹಿಡಿದು ಎಳೆಯುವವರು ಅಕ್ಕಪಕ್ಕದವರೇ. ಅಧಿಕಾರಿಗಳು, ಪಡೆಗಳು ಬರುವುದು ಆಮೇಲೆ.

ನಿಜದ ತೊಂದರೆ ಅಂದರೆ ಜನ ಬೇಗ ಓಡುವುದೇ ಇಲ್ಲ. ‘ಏನೂ ಆಗಲ್ಲ ಬಿಡ್ರಿ’ ಅಂತ ಕೂತುಬಿಡುತ್ತಾರೆ. 2004ರ ಡಿಸೆಂಬರ್ 26ರಂದು ಸುನಾಮಿಗೆ ಮುಂಚೆ ಹಲವು ಕಡೆ ಸಮುದ್ರ ಹಿಂದೆ ಸರಿಯಿತು. ಜನ ಓಡಲಿಲ್ಲ, ನೋಡೋಣ ಅಂತ ಬರಿದಾದ ಮರಳಿಗೆ ಇಳಿದರು.

ಹಾಗಿದ್ದರೆ ಸಿನಿಮಾದವರು ಯಾಕೆ ಹೀಗೆ ತೋರಿಸುತ್ತಾರೆ? ಓಡುವ ಜನಸಾಗರ ಕ್ಯಾಮೆರಾಕ್ಕೆ ಚೆಂದ. ಇನ್ನೊಂದು, ಎಲ್ಲರೂ ಒಳ್ಳೆಯವರಾಗಿ ನಡೆದುಕೊಂಡರೆ ಹೀರೋಗೆ ಕೆಲಸವೇ ಇಲ್ಲ. ಅವನು ದೊಡ್ಡವನಾಗಿ ಕಾಣಬೇಕಾದರೆ ಉಳಿದವರು ಕುರಿಗಳಾಗಬೇಕು. ‘ಸ್ಯಾನ್ ಆಂಡ್ರಿಯಾಸ್’ನ ನಾಯಕ ಸರ್ಕಾರಿ ರಕ್ಷಣಾ ಹೆಲಿಕಾಪ್ಟರಿನ ಪೈಲಟ್. ಊರೇ ಕುಸಿಯುತ್ತಿರುವಾಗ ಆ ಹೆಲಿಕಾಪ್ಟರ್ ತೆಗೆದುಕೊಂಡು ಹೆಂಡತಿಯನ್ನು ಎತ್ತಿಕೊಳ್ಳುತ್ತಾನೆ, ಅಲ್ಲಿಂದ ಮಗಳನ್ನು ಹುಡುಕಲು ಇನ್ನೊಂದು ಊರಿಗೆ ಹೋಗುತ್ತಾನೆ. ದಾರಿಯಲ್ಲಿ ಕೈ ಬೀಸುವ ಸಾವಿರಾರು ಜನರ ಲೆಕ್ಕ ಯಾರೂ ಕೇಳುವುದಿಲ್ಲ. ಅಪ್ಪನ ಪ್ರೀತಿ ಅರ್ಥವಾಗುತ್ತದೆ, ಬೈಯಲಾರೆ. ಆದರೆ ಡ್ಯೂಟಿ ಬಿಟ್ಟು ಹೋದವನನ್ನು ಇಡೀ ಸಿನಿಮಾ ದೇವರ ಹಾಗೆ ತೋರಿಸುತ್ತದಲ್ಲ, ಅದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಈ ಸುಳ್ಳಿನಿಂದ ನಿಜವಾದ ಹಾನಿಯೂ ಇದೆ. ಜನಕ್ಕೆ ಹೇಳಿದರೆ ಗಾಬರಿಯಾಗಿ ದಾಂಧಲೆ ಮಾಡುತ್ತಾರೆ ಅಂತ ಅಧಿಕಾರದಲ್ಲಿರುವವರು ನಂಬಿಬಿಟ್ಟರೆ, ಎಚ್ಚರಿಕೆ ಕೊಡುವುದನ್ನೇ ತಡ ಮಾಡುತ್ತಾರೆ. ‘2012’ರಲ್ಲಿ ಸರ್ಕಾರಗಳು ವರ್ಷಗಟ್ಟಲೆ ವಿಷಯ ಮುಚ್ಚಿಟ್ಟು, ನೂರು ಕೋಟಿ ಯೂರೊಗೆ ಒಂದರಂತೆ ಹಡಗಿನ ಟಿಕೆಟ್ ಮಾರುತ್ತವೆ. ಸಿನಿಮಾ ಇದನ್ನು ಅರ್ಧ ಖಂಡಿಸುತ್ತದೆ, ಅರ್ಧ ಒಪ್ಪಿಕೊಳ್ಳುತ್ತದೆ. ಗಣಿಯಲ್ಲಿ ಮೊದಲು ಅಪಾಯ ಕಂಡುಹಿಡಿದ ಆ ಭಾರತೀಯ ವಿಜ್ಞಾನಿ ಏನಾದ ಅಂತ ನಿಮ್ಮ ಮಗನನ್ನು ಕೇಳಿ. ಕರೆದುಕೊಂಡು ಹೋಗುತ್ತೇವೆ ಅಂದವರು ಬರಲೇ ಇಲ್ಲ. ಹೆಂಡತಿ ಮಗುವಿನ ಜೊತೆ ಅಲೆಗೆ ಸಿಕ್ಕಿ ಸಾಯುತ್ತಾನೆ. ಅಷ್ಟು ಸಲ ನೋಡಿದರೂ ಬಹಳ ಜನಕ್ಕೆ ಆ ದೃಶ್ಯ ನೆನಪಿರುವುದಿಲ್ಲ, ಕಾರು ಹಾರಿದ್ದು ನೆನಪಿರುತ್ತದೆ.

ಜನರನ್ನು ಸರಿಯಾಗಿ ತೋರಿಸಿದ ಸಿನಿಮಾಗಳೂ ಇವೆ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ, ನಮ್ಮ ಕೊಡಗಿನಲ್ಲೂ ಗುಡ್ಡ ಕುಸಿದ ಅದೇ ಮಳೆಗಾಲದಲ್ಲಿ, ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಬಂದರು. ಒಬ್ಬ ಮೀನುಗಾರ ನೀರಿನಲ್ಲಿ ಬಗ್ಗಿ, ಹೆಂಗಸರು ತನ್ನ ಬೆನ್ನು ಮೆಟ್ಟಿ ದೋಣಿ ಹತ್ತಲಿ ಅಂತ ನಿಂತ ವಿಡಿಯೋ ನೀವೂ ನೋಡಿರಬಹುದು. 2023ರಲ್ಲಿ ಬಂದ ‘2018’ ಎಂಬ ಮಲಯಾಳಂ ಸಿನಿಮಾ ಆ ಪ್ರವಾಹದ್ದೇ. ಅದರಲ್ಲೂ ಕಣ್ಣೀರು ಜಾಸ್ತಿ, ಹಿನ್ನೆಲೆ ಸಂಗೀತ ಇನ್ನೂ ಜಾಸ್ತಿ. ಆದರೆ ಒಬ್ಬನೇ ಹೀರೋ ಅಂತ ಇಲ್ಲ.

ಹಳೆಯದರಲ್ಲಿ 1974ರ ‘ದಿ ಟವರಿಂಗ್ ಇನ್‌ಫರ್ನೊ’ ನೋಡಬಹುದು. ಮುಗಿಲೆತ್ತರದ ಹೊಸ ಕಟ್ಟಡಕ್ಕೆ ಬೆಂಕಿ. ಕಾರಣ ಏನು? ದುಡ್ಡು ಉಳಿಸಲು ಕಳಪೆ ವೈರಿಂಗ್ ಹಾಕಿಸಿದ್ದು, ಅದೂ ಮಾಲೀಕನ ಅಳಿಯ. ಇದಕ್ಕಿಂತ ನಮ್ಮದೆನಿಸುವ ದುರಂತದ ಕತೆ ಉಂಟಾ? ಅದೇ 1974ರಲ್ಲಿ ಕನ್ನಡದಲ್ಲಿ ‘ಭೂತಯ್ಯನ ಮಗ ಅಯ್ಯು’ ಬಂತು. ಅದು ಪ್ರಳಯದ ಸಿನಿಮಾ ಅಲ್ಲ, ಹಳ್ಳಿಯ ಹಗೆಯ ಕತೆ. ಆದರೆ ಕೊನೆಗೆ ನೆರೆ ಬಂದಾಗ ಗುಳ್ಳ ತನ್ನ ಹಗೆಯ ಮನೆಯವರನ್ನು ಉಳಿಸಲು ನೀರಿಗಿಳಿಯುತ್ತಾನೆ. ಕ್ವಾರಂಟೆಲ್ಲಿ ವರ್ಷಗಟ್ಟಲೆ ಓಡಾಡಿ ಬರೆದದ್ದನ್ನು ನಿರ್ದೇಶಕ ಸಿದ್ಧಲಿಂಗಯ್ಯನವರು ಒಂದು ಕ್ಲೈಮ್ಯಾಕ್ಸಿನಲ್ಲಿ ತೋರಿಸಿದ್ದಾರೆ.

ಇನ್ನೊಂದು ಕೊರತೆ ನಮ್ಮ ಜಿಲ್ಲೆಗಳವರಿಗೇ ಹೆಚ್ಚು ತಟ್ಟುವಂಥದ್ದು. ಈ ಸಿನಿಮಾಗಳಿಗೆ ನಿಧಾನದ ದುರಂತ ಗೊತ್ತಿಲ್ಲ. ‘ದಿ ಡೇ ಆಫ್ಟರ್ ಟುಮಾರೊ’ ಎಂಬ 2004ರ ಸಿನಿಮಾದಲ್ಲಿ ದಶಕಗಟ್ಟಲೆ ಹಿಡಿಯುವ, ಸಮುದ್ರದೊಳಗಿನ ನೀರಿನ ಹರಿವಿನ ಬದಲಾವಣೆ ಕೆಲವೇ ದಿನದಲ್ಲಿ ಮುಗಿಯುತ್ತದೆ. ಚಳಿ ಮನುಷ್ಯರನ್ನು ಅಟ್ಟಿಸಿಕೊಂಡು ಬರುತ್ತದೆ, ಅವರು ಓಡಿ ಬಾಗಿಲು ಹಾಕಿಕೊಳ್ಳುತ್ತಾರೆ! ನ್ಯಾಯವಾಗಿ ಹೇಳಬೇಕೆಂದರೆ ಅದರಿಂದ ಒಳ್ಳೆಯದೂ ಆಯಿತು. ಅಮೆರಿಕದಲ್ಲಿ ನಡೆದ ಸಮೀಕ್ಷೆಯಲ್ಲಿ ಆ ಸಿನಿಮಾ ನೋಡಿದವರಿಗೆ ಹವಾಮಾನದ ಚಿಂತೆ ನೋಡದವರಿಗಿಂತ ಹೆಚ್ಚಿತ್ತು. ಆದರೂ ಓಡಿ ಬಾಗಿಲು ಹಾಕಿಕೊಳ್ಳಲಾಗದ ದುರಂತಕ್ಕೆ ಅವರ ಬಳಿ ಕತೆಯೇ ಇಲ್ಲ.

ನಮ್ಮದು ಅಂಥದ್ದೇ. ಹಿರಿಯೂರಿನ ವಾಣಿವಿಲಾಸ ಸಾಗರ, ಅದೇ ನಮ್ಮ ಮಾರಿಕಣಿವೆ, ಕಟ್ಟಿ ಮುಗಿದದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಅಣೆಕಟ್ಟು ಒಡೆಯುತ್ತದೆ ಅಂತ ಹಾಲಿವುಡ್ಡು ಹೆದರಿಸುತ್ತದೆ. ನಾವು ಅದು ತುಂಬುವುದಿಲ್ಲ ಅಂತ ಹೆದರಿಕೊಂಡೇ ಒಂದು ಜನ್ಮ ಕಳೆದವರು. 1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಧಾತು, ಈಶ್ವರ ಸಂವತ್ಸರಗಳ ಬರ ಅಂತ ಹಿರಿಯರು ಹೇಳುತ್ತಿದ್ದದ್ದು ಅದನ್ನೇ. ಒಂದು ಗೋಪುರವೂ ಬೀಳಲಿಲ್ಲ. ಜಗಳೂರಿನಲ್ಲಿ ಸಾವಿರ ಅಡಿ ಕೊರೆದ ಬೋರ್‌ವೆಲ್ ಧೂಳು ಉಗುಳುವುದು, ಗೋಶಾಲೆಗೆ ದನ ಹೊಡೆಯುವುದು, ಮನೆಗೆ ಬೀಗ ಹಾಕಿ ಗುಳೆ ಹೋಗುವುದು, ಇದಕ್ಕೆ ಗ್ರಾಫಿಕ್ಸ್ ಬೇಕಿಲ್ಲ. ಆದರೆ ಎರಡು ಗಂಟೆಯಲ್ಲಿ ತೋರಿಸುವುದು ಕಷ್ಟ. ಕೆರೆಗೆ ಹಾರವಾದ ಭಾಗೀರಥಿಯ ಕತೆ ಕಟ್ಟಿದ ನಮ್ಮ ಜನಪದರಿಗೆ ಬತ್ತಿದ ಕೆರೆಯೇ ದುರಂತ ಅಂತ ಗೊತ್ತಿತ್ತು. ನಮ್ಮ ಸಿನಿಮಾದವರು ಆ ಕಡೆ ಹೆಚ್ಚು ತಿರುಗಿ ನೋಡಿಲ್ಲ.

ಹಾಗಂತ ಟಿವಿ ಆರಿಸಿ ಅಂತ ನಾನು ಹೇಳುವುದಿಲ್ಲ. ಕತೆಯಿಂದ ಜೀವ ಉಳಿಯುವುದೂ ಉಂಟು. ಇಂಡೋನೇಷ್ಯಾದ ಸಿಮೆಲು ಎಂಬ ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಜ್ಜಿಯರು ಅದನ್ನೇ ಕತೆ ಮಾಡಿ, ಹಾಡು ಮಾಡಿ ಮಕ್ಕಳಿಗೆ ಹೇಳಿದರು. ನೆಲ ಜೋರಾಗಿ ಅಲುಗಿ ಸಮುದ್ರ ಹಿಂದೆ ಹೋದರೆ ಗುಡ್ಡ ಹತ್ತಿ, ಕಾಯಬೇಡಿ. ಅಷ್ಟೇ ಕತೆ. 2004ರಲ್ಲಿ ಆ ದ್ವೀಪ ಭೂಕಂಪದ ಕೇಂದ್ರಕ್ಕೆ ಬಹಳ ಹತ್ತಿರದಲ್ಲಿತ್ತು. ಅಲ್ಲಿದ್ದ ಸುಮಾರು 78,000 ಜನರಲ್ಲಿ ಸತ್ತವರು ಏಳು.

ಆದ್ದರಿಂದ ಮಗ ನೋಡಲಿ. ನೀವೂ ಬಾಗಿಲು ಬಿಟ್ಟು ಒಳಗೆ ಬಂದು ಕೂತುಕೊಳ್ಳಿ. ಸಿನಿಮಾ ಮುಗಿದ ಮೇಲೆ ‘ಇದು ಸುಳ್ಳು ಕಣೋ’ ಅಂತ ಶುರು ಮಾಡಬೇಡಿ, ಅವನು ಎದ್ದು ಹೋಗುತ್ತಾನೆ. ‘ಈ ನೀರು ಎಲ್ಲಿಂದ ಬಂತು ಲೆಕ್ಕ ಹಾಕು ನೋಡೋಣ’ ಅನ್ನಿ. ‘ಆ ಹೆಲಿಕಾಪ್ಟರಿನವನು ನಮ್ಮ ಬೀದಿಯ ಮೇಲೆ ಹಾದು ಹೋಗಿದ್ದರೆ?’ ಅಂತ ಕೇಳಿ. ಮನೆಯ ಮೇನ್ ಸ್ವಿಚ್ ಎಲ್ಲಿದೆ, ಸಿಲಿಂಡರಿನ ರೆಗ್ಯುಲೇಟರ್ ಹೇಗೆ ಆರಿಸುವುದು, ಅವನಿಗೆ ಗೊತ್ತಾ ನೋಡಿ. ‘ಕಂಟೇಜಿಯನ್’ ಎಂಬ 2011ರ ಸಿನಿಮಾ ಸಿಕ್ಕರೆ ಹಾಕಿ. ಸೋಂಕು ಒಬ್ಬರಿಂದ ಎಷ್ಟು ಜನಕ್ಕೆ ಹರಡುತ್ತದೆ ಅನ್ನುವ ಲೆಕ್ಕವನ್ನು ಅದು ಚೆನ್ನಾಗಿ ಹೇಳುತ್ತದೆ. ಕೊರೊನಾ ಕಂಡ ಹುಡುಗನಿಗೆ ಬೇರೆ ವಿವರಣೆ ಬೇಡ.

ಜ್ವಾಲಾಮುಖಿಯ ಆಸೆ ಇದ್ದರೆ ಅವನನ್ನು ಒಂದು ದಿನ ಮರಡಿಹಳ್ಳಿಗೆ ಕರೆದುಕೊಂಡು ಬನ್ನಿ. ಚಿತ್ರದುರ್ಗ ದಾಟಿ ಹಿರಿಯೂರು ದಾರಿಯಲ್ಲಿ ಐಮಂಗಲದ ಹತ್ತಿರ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಗುಂಡಗೆ ಗಟ್ಟಿಯಾದದ್ದು ಅಲ್ಲಿ ಬಯಲಲ್ಲೇ ಇದೆ, ದಿಂಬುಗಳನ್ನು ಒಟ್ಟಿದ ಹಾಗೆ. ನಿಜದ ಲಾವಾ ಮುಟ್ಟಿ ನೋಡಬಹುದು. ಬೇಸಿಗೆಯಲ್ಲಿ ಬರಬೇಡಿ, ನೆರಳಿಲ್ಲ. ನೀರು ಜೊತೆಗಿರಲಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನೆನಪಿಗೆ ಅಂತ ಒಂದು ಚೂರೂ ಒಡೆದು ತರುವಂತಿಲ್ಲ ಅಂತ ಮಗನಿಗೆ ಹೊರಡುವಾಗಲೇ ಹೇಳಿಬಿಡಿ.